ಹೊಸತೊಡಕಿನ ಕಾಟ್ಲಾ

ಯುಗಾದಿಯ ಮಧ್ಯಾಹ್ನ, ಎಲೆಯ ಮೇಲಿನ ಎರಡನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಓಬಳಪ್ಪ ಆ ಮಾತನ್ನು ಆಡದೇ ಇದ್ದಿದ್ದರೆ, ಅವರ ಮಗ ತಿಮ್ಮೇಶನಿಗೆ ಅವತ್ತು ಊಟವಾದ ಮೇಲೆ ಒಳ್ಳೆಯ ನಿದ್ದೆ ಬರುತ್ತಿತ್ತು.

“ನಂಗೂ ವಯಸ್ಸಾಯ್ತು,” ಎಂದರು ಓಬಳಪ್ಪ. “ನಾಳೆ ಹೊಸತೊಡಕಿಗೆ ಯಾರು ದೊಡ್ಡ ಬೇಟೆ ತಂದು ಬಾಗ್ಲಲ್ಲಿ ಇಡ್ತಾರೋ, ಆ ಕತ್ತಿ ಅವ್ರಿಗೇ. ಮಗ ಆಗ್ಲಿ, ಅಳಿಯ ಆಗ್ಲಿ.”

ಊಟಕ್ಕೆ ಕೂತವರೆಲ್ಲ ತಲೆಯೆತ್ತಿ ನಡುಮನೆಯ ಬಾಗಿಲ ಮೇಲೆ ನೋಡಿದರು. ಅಲ್ಲಿ ಮೊಳೆಗೆ ನೇತುಹಾಕಿದ್ದ ಹಿತ್ತಾಳೆ ಹಿಡಿಯ ಬೇಟೆಗತ್ತಿ ತನ್ನ ಪಾಡಿಗೆ ತಾನು ಹೊಳೆಯುತ್ತಿತ್ತು. ಅದು ಓಬಳಪ್ಪನವರ ಅಪ್ಪನ ಕಾಲದ್ದು. ಶಿವನಿ ಊರಿನ ಸುತ್ತಮುತ್ತ ಈ ಮನೆಗೆ ಬೇಟೆಯವರ ಮನೆ ಎಂದೇ ಹೆಸರು. ತೆಂಗಿನ ತೋಟ ಇದ್ದರೂ, ರಾಗಿ ಹೊಲ ಇದ್ದರೂ ಆ ಹೆಸರು ಮಾತ್ರ ಅಲ್ಲಾಡಿರಲಿಲ್ಲ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಏನು ಮಾಡುತ್ತೇವೋ ವರ್ಷವಿಡೀ ಅದನ್ನೇ ಮಾಡುತ್ತೇವೆ ಎಂಬುದು ಈ ಕಡೆಯ ಜನರ ನಂಬಿಕೆ. ಅತ್ತವರು ವರ್ಷವೆಲ್ಲ ಅಳುತ್ತಾರೆ, ಬೈದವರು ವರ್ಷವೆಲ್ಲ ಬೈಯುತ್ತಾರೆ. ಹಾಗಾಗಿ ಆ ಒಂದು ದಿನ ಅತ್ತೆ ಸೊಸೆಯರು ಕೂಡ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಓಡಾಡುತ್ತಾರೆ. ಓಬಳಪ್ಪನವರ ಮನೆಯಲ್ಲಿ ಇದರ ಮೇಲೆ ಇನ್ನೊಂದು ಕಟ್ಟಳೆ. ಹೊಸತೊಡಕಿನ ಬಾಡು ಬೇಟೆಯಾಡಿ ತಂದದ್ದೇ ಆಗಬೇಕು. ದುಡ್ಡು ಕೊಟ್ಟು ತಂದದ್ದು ಆ ದಿನ ಈ ಮನೆಯ ಒಲೆ ಹತ್ತಬಾರದು.

ಹಿಂದೆ ಮೊಲ, ಕಾಡುಕೋಳಿ ಬರುತ್ತಿದ್ದವು. ಕೆಮ್ಮಣ್ಣುಗುಂಡಿ ತಪ್ಪಲಿನಲ್ಲಿ ಓಬಳಪ್ಪ ಒಂದೇ ಗುಂಡಿಗೆ ಹಂದಿ ಕೆಡವಿದ ಕತೆಯನ್ನು ಊರಿನ ಎರಡು ತಲೆಮಾರು ಬಾಯಿಪಾಠ ಮಾಡಿತ್ತು. ಅವರು ಆ ಕತೆ ಶುರು ಮಾಡಿದಾಗೆಲ್ಲ ಹೆಂಡತಿ ಪಾಪಮ್ಮನಿಗೆ ಒಳಗೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಆಮೇಲೆ ಕಾಯ್ದೆ ಬಿಗಿಯಾಯಿತು. ಯಾವುದೋ ಎಲೆಕ್ಷನ್ ಹೊತ್ತಿನಲ್ಲಿ ಸ್ಟೇಷನ್ನಿಗೆ ಒಪ್ಪಿಸಿದ ತೋಟದ ಕೋವಿಯನ್ನು ಓಬಳಪ್ಪ ವಾಪಸ್ ತರಲೇ ಇಲ್ಲ. ಬೇಟೆ ಕಾಡಿನಿಂದ ಇಳಿದು ಊರಿನ ಕೆರೆಗೆ ಬಂತು, ಮೊಲದ ಜಾಗಕ್ಕೆ ಮೀನು ಬಂತು.

ಮೀನು ಬಂತು ಎಂದರೆ ತಿಮ್ಮೇಶನ ಗಾಳಕ್ಕೆ ಬಂತು ಎಂದಲ್ಲ. ತಿಮ್ಮೇಶ ತೋಟದ ಕೆಲಸದಲ್ಲಿ ಗಟ್ಟಿಗ. ಮೋಟಾರು ಕೆಟ್ಟರೆ ಶಬ್ದ ಕೇಳಿಯೇ ರಿಪೇರಿ ಹೇಳುತ್ತಾನೆ. ಆದರೆ ಕೆರೆಯ ಮೀನುಗಳಿಗೆ ಅವನ ಮೇಲೆ ಯಾವ ಜನ್ಮದ ಮುನಿಸೋ ಗೊತ್ತಿಲ್ಲ. ಮೂರು ವರ್ಷದಿಂದ ಹೊಸತೊಡಕಿಗೆ ಅವನು ತಂದದ್ದು ಒದ್ದೆ ಪಂಚೆ ಮಾತ್ರ. ಮೂರು ವರ್ಷವೂ ಮನೆಯ ಮಾನ ಉಳಿಸಿದವನು ತರೀಕೆರೆಯ ಅಳಿಯ ವಿಶ್ವನಾಥ್, ತಿಮ್ಮೇಶನ ತಂಗಿ ಮಧುಶ್ರೀಯ ಗಂಡ. ಕತ್ತಿಯಿಂದ ಮೊದಲ ತುಂಡು ಕೊಯ್ದವನೂ ಅವನೇ, ಮೀನಿನ ತಲೆ ಬಡಿಸಿಕೊಂಡವನೂ ಅವನೇ. ಈಗ ಕತ್ತಿಯೇ ಕಾರು ಹತ್ತಿ ತರೀಕೆರೆಗೆ ಹೋಗಿಬಿಟ್ಟರೆ ಬೇಟೆಯವರ ಮನೆಯಲ್ಲಿ ಉಳಿಯುವುದು ಮೊಳೆಯೊಂದೇ. ಅದಕ್ಕಿಂತ ಹೆಚ್ಚಾಗಿ, ಅಪ್ಪ ಒಂದು ಸಲವಾದರೂ ಬೆನ್ನು ತಟ್ಟಿ “ನನ್ನ ಮಗ ಕಣೋ” ಅನ್ನಲಿ ಎಂಬ ಆಸೆ ತಿಮ್ಮೇಶನಿಗೆ ಮೀಸೆ ನೆರೆತರೂ ಹೋಗಿರಲಿಲ್ಲ.

“ಗಾಳದ ದಾರ ತರ್ತೀನಿ,” ಎಂದು ಹೆಂಡತಿ ಪ್ರತಿಮಾಗೆ ಹೇಳಿ ತಿಮ್ಮೇಶ ಬೈಕ್ ಹತ್ತಿ ಸೀದಾ ಬೀರೂರಿಗೆ ಹೋದ. ಅಲ್ಲಿ ಮೀನಿನ ಅಂಗಡಿ ತೀರ್ಥೇಶ್ ಮಾರನೆಯ ದಿನದ ವ್ಯಾಪಾರಕ್ಕೆ ಡ್ರಮ್ಮುಗಳಲ್ಲಿ ಜೀವಂತ ಮೀನು ತುಂಬಿಸುತ್ತಿದ್ದ. ತಿಮ್ಮೇಶ ಅವನನ್ನು ಪಕ್ಕಕ್ಕೆ ಕರೆದು ಅರ್ಧ ಮಾತು ಹೇಳುವಷ್ಟರಲ್ಲಿ ತೀರ್ಥೇಶ್ ಉಳಿದರ್ಧ ತಾನೇ ಹೇಳಿದ.

“ಜೀವ ಇರೋ ಮೀನು, ಬಲೆ ಚೀಲದಲ್ಲಿ ಹಾಕಿ ಕೆರೇಲಿ ಮುಳುಗಿಸಿಡ್ಬೇಕು, ಬೆಳಿಗ್ಗೆ ನೀನು ತಗೋತೀಯ. ಅಷ್ಟೇ ತಾನೇ ಅಣ್ಣ? ನಾಚ್ಕೋಬೇಡ. ಹೊಸತೊಡಕಿಗೆ ಈ ಥರ ಗಿರಾಕಿಗಳು ಬೇಜಾನ್ ಇದಾರೆ.”

ಡ್ರಮ್ಮುಗಳಲ್ಲಿದ್ದ ಒಂದು ರೋಹು ಮೀನು ಗೊತ್ತುಮಾಡಿದ್ದಾಯಿತು, ಎರಡು ಕೆಜಿಗೆ ಸ್ವಲ್ಪ ಕಡಿಮೆ. ಸಂಜೆ ಕತ್ತಲಾಗುವ ಮುಂಚೆ ತೀರ್ಥೇಶನೇ ಹೋಗಿ ಕೆರೆಯ ತೂಬಿನ ಕಲ್ಲಿನ ಬುಡದಲ್ಲಿ ಚೀಲ ಕಟ್ಟಿ, ಗುರುತಿಗೆ ನೀಲಿ ಬಟ್ಟೆಯ ಚೂರು ಸಿಕ್ಕಿಸುವುದೆಂದು ತೀರ್ಮಾನವಾಯಿತು. ತಿಮ್ಮೇಶ ಊರಿಗೆ ಬಂದವನು ಬೇವು ಬೆಲ್ಲದ ಬೆಲ್ಲವನ್ನಷ್ಟೇ ಆರಿಸಿ ತಿಂದವನಂತೆ ಖುಷಿಯಾಗಿದ್ದ. ದಾರ ತರಲು ಮಾತ್ರ ಮರೆತಿದ್ದ.

ಹೊಸತೊಡಕಿನ ಬೆಳಿಗ್ಗೆ ಎದ್ದಾಗ ಪಾಪಮ್ಮ ಆಗಲೇ ಮಸಾಲೆ ಅರೆಯುತ್ತಿದ್ದರು. ಬೇಟೆಗೆ ಹೊರಡುವ ಮುಂಚೆಯೇ ಮಸಾಲೆ ಸಿದ್ಧವಾಗಬೇಕು, ಅದು ಬೇಟೆಗಾರನ ಮೇಲೆ ಮನೆಯವರಿಗಿರುವ ನಂಬಿಕೆ. ತಿಮ್ಮೇಶ ಬಿದಿರಿನ ಗಾಳದ ಕೋಲು, ಎರೆಹುಳದ ಡಬ್ಬಿ ತೆಗೆದುಕೊಂಡು ಸದ್ದಿಲ್ಲದೆ ಹೊಸಿಲು ದಾಟಿದ. ಕಾಂಪೌಂಡಿನಲ್ಲಿ ಇಡೀ ಸಂಸಾರ ಚಾಪೆ, ಬುಟ್ಟಿ ಸಮೇತ ನಿಂತಿತ್ತು.

“ಇದೇನೇ ಇದು?” ಎಂದ ತಿಮ್ಮೇಶ.

“ನಾವೂ ಬರ್ತೀವಿ ರೀ,” ಎಂದಳು ಪ್ರತಿಮಾ, ಮಗಳು ನಿಖಿತಾಳ ಕೈ ಹಿಡಿದು. “ನೀವು ಹಿಡಿಯೋದನ್ನ ನಿಖಿತಾ ನೋಡ್ಬೇಕಂತೆ. ನಿನ್ನೆ ಒಬ್ಬಟ್ಟಿನ ಸಾರು ಇದೆ, ಹೂರಣ ಉಳಿದಿತ್ತು, ಅದನ್ನೂ ಹಾಕ್ಕೊಂಡಿದೀನಿ. ಕೆರೆ ಏರಿ ಮೇಲೆ ಕೂತ್ಕೊಂಡು ಊಟ ಮಾಡಣ.”

“ಎಲ್ಲಾರೂ ಬಂದ್ರೆ ಗಲಾಟೆಗೆ ಮೀನು ಓಡೋಗ್ತವೆ ಕಣೇ.”

“ನಾವು ಬರ್ದೇ ಇದ್ದಾಗ್ಲೂ ಓಡೇ ಹೋಗಿದ್ವಲ್ಲ.” ಪ್ರತಿಮಾ ತಕ್ಷಣ ನಾಲಿಗೆ ಕಚ್ಚಿಕೊಂಡು ಗಲ್ಲ ಬಡಿದುಕೊಂಡಳು. ಆ ದಿನ ಗಂಡನನ್ನು ಚುಚ್ಚಿದರೆ ವರ್ಷವೆಲ್ಲ ಚುಚ್ಚಬೇಕಾಗುತ್ತದೆ. “ಉಳಿದಿದ್ದು ನಾಳೆ ಹೇಳ್ತೀನಿ,” ಎಂದು ಬುಟ್ಟಿ ಎತ್ತಿಕೊಂಡಳು.

ವಿಶ್ವನಾಥ್ ಕಾರಿನ ಡಿಕ್ಕಿಯಿಂದ ತನ್ನ ಸಾಮಾನು ಇಳಿಸುತ್ತಿದ್ದ. ರೀಲು ಇರುವ ಗಾಳ, ಮಡಚುವ ಕುರ್ಚಿ, ಟೋಪಿ, ಹತ್ತು ಹನ್ನೆರಡು ಜೇಬಿನ ಜಾಕೀಟು. ಕೆರೆಗೆ ಹೊರಟವನೋ ಗಡಿ ಕಾಯಲು ಹೊರಟವನೋ ಹೇಳುವುದು ಕಷ್ಟವಾಗಿತ್ತು. ಆದರೆ ಮನುಷ್ಯ ಒಳ್ಳೆಯವನು, ಅದೇ ತಿಮ್ಮೇಶನಿಗೆ ಸಂಕಟ. ಕೆಟ್ಟವನಾಗಿದ್ದರೆ ಮನಸ್ಸಿನಲ್ಲೇ ಬೈದುಕೊಳ್ಳಬಹುದಿತ್ತು.

“ಭಾವ, ಈ ಸಲ ನಿಮ್ಮದೇ ಕಣ್ರೀ. ನಂಗೆ ಅನ್ನಿಸ್ತಾ ಇದೆ,” ಎಂದ ವಿಶ್ವನಾಥ್.

ಪಂಚಾಯ್ತಿಯಿಂದ ಕೆರೆಯ ಮೀನನ್ನು ಕಂಟ್ರಾಕ್ಟು ಹಿಡಿದವರು ಹೊಸತೊಡಕಿನ ಬೆಳಿಗ್ಗೆ ಮಾತ್ರ ಊರಿನವರಿಗೆ ಗಾಳ ಹಾಕಲು ಬಿಡುತ್ತಾರೆ. ಆಗಲೇ ಏರಿಯ ಉದ್ದಕ್ಕೂ ಜನ ಕೂತಿದ್ದರು. ತಿಮ್ಮೇಶನ ಕಣ್ಣು ತೂಬಿನ ಕಡೆ ಹೋಯಿತು. ಕಲ್ಲಿನ ಬುಡದಲ್ಲಿ ನೀಲಿ ಬಟ್ಟೆ ಕಂಡಿತು. ಎದೆ ಹಗುರವಾಯಿತು. ಅದು ಹಗುರವಾಗಿದ್ದು ಓಬಳಪ್ಪ ಊರುಗೋಲು ಊರಿಕೊಂಡು ಹೋಗಿ ಅದೇ ಕಲ್ಲಿನ ಮೇಲೆ ಕೂರುವವರೆಗೆ ಮಾತ್ರ. ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ಪಂಚೆ ಹರಡಿಕೊಂಡು, ಕಾಲು ಇಳಿಬಿಟ್ಟು, ನೀಲಿ ಬಟ್ಟೆಯನ್ನು ಪೂರ್ತಿ ಮುಚ್ಚಿ ಕೂತರು.

“ಅಪ್ಪ, ಅಲ್ಲಿ ಬಿಸ್ಲು ಕಣಪ್ಪ. ಆ ಹುಣಸೆ ಮರದ ಕೆಳಗೆ ಕೂತ್ಕೋ.”

“ಬಿಸ್ಲು ಬೇಕು ಈ ವಯಸ್ಸಿಗೆ.”

“ತೂಬಿನ ಕಲ್ಲು ಅಲ್ಲಾಡುತ್ತಂತೆ.”

“ನಮ್ಮಪ್ಪನ ಕಾಲದಿಂದ್ಲೂ ಅಲ್ಲಾಡ್ತಿದೆ. ನೀನು ಗಾಳ ಹಾಕು.”

ತಿಮ್ಮೇಶ ವಿಧಿಯಿಲ್ಲದೆ ಅಪ್ಪನ ಪಕ್ಕದಲ್ಲೇ ಗಾಳ ಹಾಕಿ ಕೂತ. ಗಾಳದ ಬೆಂಡು ನೀರಿನ ಮೇಲೆ ಜಪಕ್ಕೆ ಕೂತಂತೆ ಕೂತಿತ್ತು. ಆ ಕಡೆ ವಿಶ್ವನಾಥ್ ಒಂದು ಜಿಲೇಬಿ ಮೀನು ಎಳೆದ. ನಿಖಿತಾ ಚಪ್ಪಾಳೆ ತಟ್ಟಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅಂಗೈ ಅಗಲದ ಮೀನುಗಳು, ಆದರೂ ಮೀನು ಮೀನೇ.

ಅಷ್ಟರಲ್ಲಿ ಪಕ್ಕದ ಮನೆಯ ಕಮಲಾಕ್ಷಮ್ಮ ತನ್ನ ಎಮ್ಮೆಯನ್ನು ಮೈತೊಳೆಯಲು ಹೊಡೆದುಕೊಂಡು ಬಂದಳು. ಊರಿನಲ್ಲಿ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಆ ಮನೆಯವರಿಗಿಂತ ಮೊದಲು ಗೊತ್ತಾಗುವುದು ಕಮಲಾಕ್ಷಮ್ಮನಿಗೆ.

“ಏನಪ್ಪಾ ತಿಮ್ಮೇಶ, ಬಿತ್ತಾ?”

“ಇನ್ನೂ ಇಲ್ಲ ಕಣಕ್ಕ.”

“ಹೋದ್ವರ್ಷ ಹೊಸತೊಡಕಿಗೆ ನಿಮ್ಮನೇಲಿ ನೀನು ತಂದಿದ್ದ್ರಲ್ಲಿ ಸಾರು ಮಾಡಿದ್ರೆ ಬರೀ ಹುಳಿ ನೀರು ಆಗ್ತಿತ್ತು ಅಂತ...” ಎನ್ನುತ್ತಿದ್ದಂತೆ ಅವಳಿಗೂ ದಿನ ನೆನಪಾಯಿತು. “ಒಳ್ಳೇದಾಗ್ಲಿ ಕಣಪ್ಪ, ಒಳ್ಳೇದಾಗ್ಲಿ,” ಎಂದು ಮಾತು ತಿರುಗಿಸಿದಳು. ಬಾಯಿಗೆ ಬಂದ ಮಾತನ್ನು ವಾಪಸ್ ಕಳಿಸಿ ಅಭ್ಯಾಸವಿಲ್ಲದ ಹೆಂಗಸು, ಒಂದು ಸಲ ಕೆಮ್ಮಿದಳು.

ಬಿಸಿಲು ಏರಿತು. ಇನ್ನು ತಡಮಾಡಿದರೆ ಚೀಲದೊಳಗಿನ ರೋಹು ಪ್ರಾಣ ಬಿಡುತ್ತದೆ, ಸತ್ತ ಮೀನನ್ನು ಹಿಡಿದೆ ಎಂದರೆ ನಿಖಿತಾ ಕೂಡ ನಂಬುವುದಿಲ್ಲ. ತಿಮ್ಮೇಶ ಗಾಳ ಎಲ್ಲೋ ಸಿಕ್ಕಿಕೊಂಡಿದೆ ಎಂದು ಗೊಣಗಿ, ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಸೊಂಟದವರೆಗೆ ನೀರು ಬಂದಾಗ ಅಂಗಿಯ ಕೆಳಜೇಬಿನಲ್ಲಿದ್ದ ಫೋನು ನೆನಪಾಯಿತು. ತೆಗೆದು ನೋಡಿದರೆ ಪರದೆಯೊಳಗೇ ಸಣ್ಣ ಕೆರೆ. ಪ್ರತಿಮಾ ಏರಿಯ ಮೇಲಿಂದ ಅದನ್ನು ನೋಡಿದಳು. ಅವಳ ತುಟಿ ಅಲುಗಿತು. “ನಾಳೆ,” ಎಂದಳು ಅಷ್ಟೇ.

ತಿಮ್ಮೇಶ ಬಗ್ಗಿ ನೀರಿನೊಳಗೆ ಕೈಯಾಡಿಸಿದ. ಅಪ್ಪನ ಕಾಲ ಹೆಬ್ಬೆರಳು ಸಿಕ್ಕಿತು, ಚೀಲ ಸಿಗಲಿಲ್ಲ. ಆ ಹೊತ್ತಿಗೆ ಸರಿಯಾಗಿ ಕಮಲಾಕ್ಷಮ್ಮನ ಎಮ್ಮೆಗೆ ತೂಬಿನ ಹತ್ತಿರದ ಕೆಸರೇ ಬೇಕೆನ್ನಿಸಿತು. ಅದು ಬುಸುಗುಡುತ್ತಾ ಬಂದು ಕಲ್ಲಿನ ಪಕ್ಕಕ್ಕೆ ತಲೆ ಹಾಕಿ, ಹೊರಳಿ, ತಲೆ ಎತ್ತಿದಾಗ ಒಂದು ಕೊಂಬಿಗೆ ಪಾಚಿ, ಹಗ್ಗ, ಬಲೆ ಎಲ್ಲಾ ಸುತ್ತಿಕೊಂಡಿತ್ತು. ಮುಖದ ಮೇಲೆ ಪಟಪಟ ಬಡಿಯುತ್ತಿದ್ದ ಚೀಲಕ್ಕೆ ಬೆದರಿ ಎಮ್ಮೆ ನೀರಿನಲ್ಲೇ ಓಟ ಕಿತ್ತಿತು. ಹೋಗುವಾಗ ದಡದಲ್ಲಿದ್ದ ಎರೆಹುಳದ ಡಬ್ಬಿಯನ್ನೂ ಒದ್ದು ಕೆರೆಗೆ ಬೀಳಿಸಿತು. ಉಳಿದವರಿಗೆಲ್ಲ ಕಂಡದ್ದು ಹುಚ್ಚೆದ್ದ ಎಮ್ಮೆ. ತಿಮ್ಮೇಶನಿಗೆ ಮಾತ್ರ ಕಂಡದ್ದು, ಹರಿದ ಚೀಲದಿಂದ ಒಂದು ರೋಹು ಬೆಳ್ಳಗೆ ಹೊಳೆದು ನೀರಿಗೆ ಜಾರಿದ್ದು. ಅದು ಅವನ ಕಡೆ ತಿರುಗಿಯೂ ನೋಡಲಿಲ್ಲ.

“ಅಯ್ಯೋ ನನ್ನೆಮ್ಮೆ, ಗಬ್ಬದ ಎಮ್ಮೆ ಕಣ್ರಪ್ಪೋ,” ಎಂದು ಕಮಲಾಕ್ಷಮ್ಮ ಕೂಗಿಕೊಂಡಳು.

ವಿಚಿತ್ರವೆಂದರೆ ಮೊದಲು ಎದ್ದವರು ಓಬಳಪ್ಪ. “ಬನ್ರಪ್ಪ, ಎಲ್ಲಾರೂ ಬನ್ರಿ. ಕೋಡಿ ಕಡೆ ಹೋದ್ರೆ ಕಷ್ಟ. ಅಳಿಯಂದ್ರೆ, ನೀವೂ ಬನ್ನಿ. ಪ್ರತಿಮಾ, ಮಗು ಕರ್ಕೊಂಡು ಬಾರಮ್ಮ,” ಎನ್ನುತ್ತಾ ಊರುಗೋಲು ಎತ್ತಿ ಹಿಡಿದು ಹೊರಟೇಬಿಟ್ಟರು. ಮುದುಕರೇ ಓಡುವಾಗ ಉಳಿದವರು ಕೂತಿರುವುದು ಹೇಗೆ. ಏರಿಗೆ ಏರಿಯೇ ಎಮ್ಮೆಯ ಹಿಂದೆ ಹೋಯಿತು.

ತಿಮ್ಮೇಶ ಒಬ್ಬನೇ ಉಳಿದ. ಕೊಂಡ ಮೀನು ಹೋಯಿತು, ಫೋನು ಹೋಯಿತು, ಹುಳವೂ ಹೋಯಿತು. ತೂಬಿನ ಕಲ್ಲಿನ ಮೇಲೆ ಕುಸಿದು ಕೂತ. ಅಳು ಬಂತು. ಇವತ್ತು ಅತ್ತರೆ ವರ್ಷವೆಲ್ಲ ಅಳಬೇಕಲ್ಲ ಎಂದು ಅದನ್ನೂ ತಡೆದುಕೊಂಡ. ಪಕ್ಕದಲ್ಲಿ ಪ್ರತಿಮಾಳ ಬುಟ್ಟಿ ಇತ್ತು. ಮುಚ್ಚಳ ತೆಗೆದು ಹೂರಣದ ಉಂಡೆ ಬಾಯಿಗೆ ಹಾಕಿಕೊಂಡ. ಕೈಗೆ ಅಂಟಿದ್ದನ್ನು ಏನು ಮಾಡುವುದೆಂದು ತೋಚದೆ ಗಾಳದ ಕೊಕ್ಕೆಗೆ ಮೆತ್ತಿ, ನೀರಿಗೆ ಎಸೆದು, ಕೋಲನ್ನು ಕಾಲಡಿ ಒತ್ತಿಕೊಂಡು ಇನ್ನೊಂದು ಉಂಡೆಗೆ ಕೈ ಹಾಕಿದ.

ಬೆಂಡು ಒಂದು ಸಲ ಅದುರಿತು. ಆಮೇಲೆ ಇರಲೇ ಇಲ್ಲ.

ಕಾಲಡಿಯ ಕೋಲು ಸರ್ರೆಂದು ಹೊರಟಿತು. ತಿಮ್ಮೇಶ ಹೂರಣ ಬಿಸುಟು ಕೋಲಿಗೆ ಹಾರಿ, ಹೊಟ್ಟೆಯ ಮೇಲೆ ಬಿದ್ದು, ಹಿಡಿದುಕೊಂಡ. ಆ ತುದಿಯಲ್ಲಿ ಯಾರೋ ಗುರುತಿರುವವರೇ ಕೈಹಿಡಿದು ಕರೆದಂತೆ ಎಳೆತ. ಬಿದಿರು ಬಿಲ್ಲಾಯಿತು. ಹಳೆಯ ದಾರ ಅಂಗೈ ಕೊಯ್ದಿತು. ಅವನು ನೀರಿಗೆ ಬಿದ್ದ, ಎದ್ದ, ಇನ್ನೊಮ್ಮೆ ಬಿದ್ದ. ಕೊನೆಗೆ ಮೊಣಕಾಲು ನೀರಿನಲ್ಲಿ ಅದು ಪಕ್ಕಕ್ಕೆ ಒರಗಿದಾಗ, ವರಸೆ ಗಿರಸೆ ಏನೂ ನೋಡದೆ ಎರಡೂ ಕೈಯಲ್ಲಿ ತಬ್ಬಿಕೊಂಡು ದಡಕ್ಕೆ ಉರುಳಿದ.

ಕಾಟ್ಲಾ. ಏಳು ಕೆಜಿಗೆ ಕಡಿಮೆ ಇಲ್ಲ. ನಿಖಿತಾ ಹುಟ್ಟಿದಾಗ ಎತ್ತಿಕೊಂಡಿದ್ದಕ್ಕಿಂತ ಭಾರ. ತಿಮ್ಮೇಶ ಅದರ ಮೇಲೆ ಕೈಯಿಟ್ಟು ಕೂತು, “ಹಿಡ್ದೆ ಕಣ್ರೋ,” ಎಂದು ಕೂಗಿದ. ದೂರದಲ್ಲಿ ಊರೆಲ್ಲ ಎಮ್ಮೆಯ ಬೆನ್ನು ಸವರುತ್ತಿತ್ತು. ಯಾರಿಗೂ ಕೇಳಿಸಲಿಲ್ಲ. ಅವನ ಜೀವಮಾನದ ಒಂದೇ ಒಂದು ನಿಜವಾದ ಬೇಟೆಯನ್ನು ನೋಡಿದವರು ಯಾರೂ ಇರಲಿಲ್ಲ. ಆದರೂ ಅವನು ಒಬ್ಬನೇ ನಗುತ್ತಾ ಕೂತಿದ್ದ, ಅಂಗೈಯ ಉರಿ ಕೂಡ ಹಿತವಾಗಿತ್ತು.

ಜನ ತಿರುಗಿ ಬಂದು ಮೀನಿನ ಸುತ್ತ ಮುತ್ತಿಕೊಂಡರು.

“ಅಪ್ಪಾ, ನೀನೇ ಹಿಡಿದ್ಯಾ?” ಎಂದಳು ನಿಖಿತಾ.

“ನಾನೇ ಕಣಮ್ಮ.”

ವಿಶ್ವನಾಥ್ ಟೋಪಿ ತೆಗೆದು ತಿಮ್ಮೇಶನನ್ನು ತಬ್ಬಿಕೊಂಡ. ಪ್ರತಿಮಾ ಒದ್ದೆ ಗಂಡನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಓಬಳಪ್ಪ ಬಗ್ಗಿ ಮೀನಿನ ಕಿವಿರು ಎತ್ತಿ ನೋಡಿ, “ಎಲ್ಲಿ ಬಿತ್ತೋ?” ಎಂದರು.

“ಇಲ್ಲೇ ಅಪ್ಪ, ತೂಬಿನ ಹತ್ರ.”

“ಹೂಂ. ಅಲ್ಲೇ ಬೀಳ್ಬೇಕಾದ್ದು,” ಎಂದು ಓಬಳಪ್ಪ ಮೀಸೆಯಡಿ ನಕ್ಕರು.

ಮೆರವಣಿಗೆ ಮನೆ ಸೇರಿತು. ಕೋಲಿಗೆ ಕಟ್ಟಿದ ಕಾಟ್ಲಾವನ್ನು ತಿಮ್ಮೇಶ ಒಂದು ಕಡೆ, ವಿಶ್ವನಾಥ್ ಇನ್ನೊಂದು ಕಡೆ ಹೊತ್ತಿದ್ದರು. ಪಾಪಮ್ಮ ಆರತಿ ತಂದರು. ಬಾಗಿಲಲ್ಲಿ ಬಾಳೆ ಎಲೆಯ ಮೇಲೆ ಮೀನು ಮಲಗಿತು, ಸುತ್ತ ಅರ್ಧ ಊರು ನಿಂತಿತು. ಓಬಳಪ್ಪ ಕುರ್ಚಿ ಹಾಕಿಸಿ ಹತ್ತಲು ಹೋದಾಗ ಎಲ್ಲರೂ ಬೇಡವೆಂದರು. ವಿಶ್ವನಾಥನೇ ಹತ್ತಿ ಕತ್ತಿ ಇಳಿಸಿ ಮಾವನ ಕೈಗೆ ಕೊಟ್ಟ. ಓಬಳಪ್ಪ ಅದನ್ನು ಪಂಚೆಯ ಅಂಚಿನಿಂದ ಒರೆಸಿದರು. ತಿಮ್ಮೇಶ ಎರಡೂ ಕೈ ಚಾಚಿದ.

ಅಷ್ಟೊತ್ತಿಗೆ ಗೇಟಿನ ಹತ್ತಿರ ಒಂದು ಟಿವಿಎಸ್ ಗಾಡಿ ನಿಂತಿತು. ಬೀರೂರಿನ ತೀರ್ಥೇಶ್. ಹೊಸತೊಡಕಿನ ವ್ಯಾಪಾರದ ಭರಾಟೆಯಲ್ಲಿ ಅವನಿಗೆ ಆಜುಬಾಜು ನೋಡುವ ಪುರಸೊತ್ತು ಇರಲಿಲ್ಲ.

“ತಿಮ್ಮೇಶಣ್ಣ, ಫೋನ್ ಮಾಡಿದ್ರೆ ಎತ್ತಾ ಇಲ್ವಲ್ಲ. ಆ ಬಲೆ ಚೀಲ ಕೊಟ್ಬಿಡಣ್ಣ, ಅರ್ಜೆಂಟು. ಅಜ್ಜಂಪುರದಲ್ಲಿ ಇನ್ನೊಬ್ರು ಕೆರೆ ಹತ್ರ ಕಾಯ್ತಾವ್ರೆ.”

ತಿಮ್ಮೇಶನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು.

“ಯಾವ ಚೀಲನಪ್ಪ?” ಎಂದಳು ಕಮಲಾಕ್ಷಮ್ಮ, ತನ್ನ ಕಂಕುಳಿನಿಂದ ಹಸಿರು ಬಲೆಯ ಉಂಡೆಯೊಂದನ್ನು ಬಿಚ್ಚುತ್ತಾ. “ನಮ್ಮೆಮ್ಮೆ ಕೊಂಬಿಗೆ ಸಿಕ್ಕಿತ್ತಲ್ಲ, ಇದೇನಾ?”

“ಅದೇ ಕಣಮ್ಮ. ಅಯ್ಯೋ, ಹರಿದೇ ಹೋಗಿದೆ. ನಿನ್ನೆ ಸಂಜೆ ತೂಬಿನ ಹತ್ರ ನಾನೇ ಮೀನು ಹಾಕಿ ಕಟ್ಟಿದ್ದು...” ಎನ್ನುವಷ್ಟರಲ್ಲಿ ತೀರ್ಥೇಶನಿಗೆ ಬಾಳೆ ಎಲೆ, ಆರತಿ, ಕತ್ತಿ, ಜನ ಎಲ್ಲಾ ಒಟ್ಟಿಗೆ ಕಂಡವು. ಬಾಯಿ ಮುಚ್ಚಿದ. ಆದರೆ ಮಾತು ಹೊರಬಿದ್ದಾಗಿತ್ತು.

ಎಲ್ಲರೂ ತಿಮ್ಮೇಶನನ್ನು ನೋಡಿದರು. ಬೇರೆ ದಿನವಾಗಿದ್ದರೆ ಊರೆಲ್ಲ ಒಟ್ಟಿಗೆ ಬಾಯಿ ಹಾಕುತ್ತಿತ್ತು. ಹೊಸತೊಡಕು ನೋಡಿ, ಎಲ್ಲರೂ ಬೈಗುಳ ನುಂಗಿಕೊಂಡರು.

“ಅಲ್ಲ ಕಣ್ರೀ, ಕೇಳ್ರೀ ಇಲ್ಲಿ,” ಎಂದ ತಿಮ್ಮೇಶ. “ಮೀನು ಕೊಂಡ್ಕೊಂಡಿದ್ದು ನಿಜ. ಆದ್ರೆ ಅದು ಇದಲ್ಲ. ಅದು ರೋಹು, ಇಷ್ಟೇ ಇಷ್ಟು. ಅದು ತಪ್ಪಿಸ್ಕೊಂಡೋಯ್ತು. ಇದು ನಾನು ಗಾಳ ಹಾಕಿ ಹಿಡಿದಿದ್ದು. ತೀರ್ಥೇಶ, ನೀನೇ ಹೇಳಪ್ಪ. ಇದು ನಿಂದಾ?”

ತೀರ್ಥೇಶ್ ಕಾಟ್ಲಾವನ್ನು ನೋಡಿದ. ಅಂಥ ಮೀನು ಅವನ ಅಂಗಡಿ ಶುರುವಾದ ಲಾಗಾಯ್ತಿನಿಂದ ಅವನ ಡ್ರಮ್ಮಿಗೆ ಬಿದ್ದಿರಲಿಲ್ಲ. ಆಮೇಲೆ ಸುತ್ತ ನಿಂತು ಬಾಯಲ್ಲಿ ನೀರೂರಿಸುತ್ತಿದ್ದ ಅರ್ಧ ಊರನ್ನು ನೋಡಿದ. ಅವನೊಳಗಿನ ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ.

“ನಮ್ಮ ಅಂಗಡಿ ಮಾಲು ನಂಗೆ ಗೊತ್ತಾಗಲ್ವೇನಣ್ಣ,” ಎಂದ. “ನಮ್ದೇ. ಇಂಥಾವು ಬೇಕಾದಷ್ಟಿವೆ. ಬೀರೂರು ಮಾರ್ಕೆಟ್ ಹಿಂದುಗಡೆ, ಯಾರನ್ನ ಕೇಳಿದ್ರೂ ತೋರಿಸ್ತಾರೆ.” ಹರಿದ ಚೀಲವನ್ನೂ ಕೇಳದೆ ಗಾಡಿ ತಿರುಗಿಸಿಕೊಂಡು ಹೊರಟುಹೋದ.

“ಪರ್ವಾಗಿಲ್ಲ ಬಿಡಿ ಭಾವ,” ಎಂದ ವಿಶ್ವನಾಥ್ ಬಲು ಮೃದುವಾಗಿ, ತಿಮ್ಮೇಶನ ಹೆಗಲ ಮೇಲೆ ಕೈಯಿಟ್ಟು. ತಿಮ್ಮೇಶನಿಗೆ ಅವನ ರೀಲು ಗಾಳವನ್ನು ಮುರಿದು ಒಲೆಗಿಡಬೇಕೆನಿಸಿತು. ಆದರೆ ಹೊಸತೊಡಕು.

“ನಾಳೆ,” ಎಂದಳು ಪ್ರತಿಮಾ. ಈ ಸಲ ಅವಳ ದನಿಯಲ್ಲಿ ನಾಳೆ ಒಂದು ದಿನಕ್ಕೆ ಮುಗಿಯುವ ಲಕ್ಷಣ ಇರಲಿಲ್ಲ.

ಓಬಳಪ್ಪ ಗಂಟಲು ಸರಿಪಡಿಸಿಕೊಂಡು ಕತ್ತಿಯನ್ನು ಅಳಿಯನ ಕೈಗೆ ಕೊಟ್ಟರು. “ಜಿಲೇಬಿ ಆದ್ರೇನು, ಹಿಡಿದಿದ್ದು ಹಿಡಿದಿದ್ದೇ. ಪಾಪಮ್ಮ, ಮಸಾಲೆಗೆ ಮೊದ್ಲು ಅಳಿಯಂದಿರ ಮೀನು ಹಾಕು. ಆಮೇಲೆ ಆ ದೊಡ್ಡದನ್ನೂ ಹಾಕು. ಹಾಳು ಮಾಡೋಕಾಗುತ್ತಾ.” ಜನ ಚಪ್ಪಾಳೆ ತಟ್ಟಿದರು. ಏಳು ಕೆಜಿ ಕಾಟ್ಲಾದ ಮೊದಲ ತುಂಡನ್ನು ವಿಶ್ವನಾಥ್ ಕೊಯ್ದ.

ತಿಮ್ಮೇಶ ಹಿತ್ತಲಿಗೆ ಹೋಗಿ ತೆಂಗಿನ ಗರಿಯ ರಾಶಿಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಊರುಗೋಲಿನ ಸದ್ದು ಬಂತು. ಓಬಳಪ್ಪ ಹಿಂದೆ ಮುಂದೆ ನೋಡಿ ಪಕ್ಕದಲ್ಲಿ ಕೂತರು. ಅವರ ಮುಖದಲ್ಲಿ ಸಿಟ್ಟಿನ ಬದಲು ತಿಮ್ಮೇಶ ಎಂದೂ ಕಾಣದಿದ್ದ ಒಂದು ತೃಪ್ತಿ ಇತ್ತು.

“ಲೇ ತಿಮ್ಮೇಶ,” ಎಂದರು ಪಿಸುಮಾತಿನಲ್ಲಿ. “ನಂಗೆ ಇವತ್ತು ಎಷ್ಟು ಸಮಾಧಾನ ಆಯ್ತು ಗೊತ್ತೇನೋ. ಮೂರು ವರ್ಷದಿಂದ ನೀನು ಬರಿಗೈಲಿ ಬರ್ತಿದ್ದೆ. ಹಿಡಿಯೋಕೆ ಬರಲ್ಲ ಸರಿ, ಕೊಂಡು ತರೋ ಬುದ್ಧೀನೂ ಇಲ್ವಲ್ಲಪ್ಪ ಇವ್ನಿಗೆ, ನಮ್ಮ ವಂಶದವ್ನೇ ಹೌದಾ ಅಂತ ಚಿಂತೆ ಆಗಿತ್ತು.”

ತಿಮ್ಮೇಶ ತಲೆಯೆತ್ತಿದ.

“ನಾನು ಒಂದು ಮೊಲಾನೂ ಹೊಡೆದಿಲ್ಲ ಕಣೋ. ಕೋವಿ ಸದ್ದಿಗೆ ಕೈ ನಡುಗೋದು. ಅದಕ್ಕೇ ಸ್ಟೇಷನ್ನಿಂದ ವಾಪಸ್ ತರ್ಲಿಲ್ಲ. ತಪ್ಪಲಿನಲ್ಲಿ ಒಬ್ಬ ಇದ್ದ, ಅವ್ನು ಹೊಡೆದಿದ್ದನ್ನ ದುಡ್ಡು ಕೊಟ್ಟು ತಗೊಂಡು, ಸೀಗೆ ಮೆಳೆಯಲ್ಲಿ ಬಚ್ಚಿಟ್ಟು ತರ್ತಿದ್ದೆ. ನಮ್ಮಪ್ಪನೂ ಹಂಗೇ ತರ್ತಿದ್ದಿದ್ದು. ನಿಮ್ಮಮ್ಮನಿಗೆ ಮೊದ್ಲಿಂದ್ಲೂ ಗೊತ್ತು.”

“ಹಂದಿ?”

“ಅದು ಬರೀ ಕತೆ.” ಓಬಳಪ್ಪ ಮಗನ ಮೊಣಕಾಲು ತಟ್ಟಿದರು. “ಬೆಳಿಗ್ಗೆ ಆ ಕಲ್ಲಿನ ಮೇಲೆ ಸುಮ್ನೆ ಕೂತಿದ್ದೆ ಅಂದ್ಕೊಂಡ್ಯಾ? ನೀಲಿ ಬಟ್ಟೆ ನೋಡ್ದೆ. ವಿಶ್ವನಾಥನ ಕಣ್ಣಿಗೆ ಬೀಳ್ಬಾರ್ದು ಅಂತ ಮುಚ್ಕೊಂಡು ಕೂತೆ. ಈ ಮಂಡಿ ನೋವಲ್ಲಿ ಎಮ್ಮೆ ಹಿಂದೆ ಓಡಿದ್ದೂ ಅದಕ್ಕೇ, ನೀನು ನಿಧಾನಕ್ಕೆ ಮೀನು ತಗೊಳ್ಳಲಿ ಅಂತ. ಆ ಅಂಗಡಿಯವ್ನು ಬಂದು ಕೆಡಿಸ್ಬಿಟ್ಟ. ಕತ್ತಿ ಹೋದ್ರೆ ಹೋಗ್ಲಿ ಬಿಡು. ಅದೂ ಬೀರೂರು ಸಂತೇಲಿ ತಂದಿದ್ದೇ.” ಆಮೇಲೆ, ಇಷ್ಟು ವರ್ಷ ತಿಮ್ಮೇಶ ಕಾದಿದ್ದ ಆ ಕೈ ಅವನ ಬೆನ್ನಿಗೆ ಬಂತು. “ನನ್ನ ಮಗ ಕಣೋ ನೀನು.”

ತಿಮ್ಮೇಶ ದಾರ ಕೊಯ್ದ ಅಂಗೈಯನ್ನು ಅಪ್ಪನ ಮುಂದೆ ಹಿಡಿದ. “ಅಪ್ಪ, ನಿನ್ನಾಣೆ, ಆ ಕಾಟ್ಲಾ ನಾನೇ ಹಿಡಿದಿದ್ದು ಕಣಪ್ಪ. ನಿಜವಾಗ್ಲೂ. ಒಬ್ಬಟ್ಟಿನ ಹೂರಣ ಹಾಕಿ ಹಿಡ್ದೆ.”

ಓಬಳಪ್ಪ ಮಗನ ಮುಖವನ್ನು ನೋಡಿದ ರೀತಿಯಲ್ಲಿ ಹೆಮ್ಮೆ ತುಂಬಿ ಚೆಲ್ಲುತ್ತಿತ್ತು.

“ಹಾಂ, ಹಂಗೇ ಹೇಳ್ಬೇಕು,” ಎಂದರು. “ಆಣೆ ಹಾಕಿ ಹೇಳ್ಬೇಕು. ನಾನೂ ಐವತ್ತು ವರ್ಷ ಹಂಗೇ ಹೇಳ್ಕೊಂಡು ಬಂದೆ. ಹೂರಣ ಮಾತ್ರ ನಂಗೆ ಹೊಳೆದಿರ್ಲಿಲ್ಲ ನೋಡು.”

ಊಟಕ್ಕೆ ಕೂತಾಗ ಕಟ್ಟಳೆಯಂತೆ ಕಾಟ್ಲಾದ ತಲೆ ಕತ್ತಿ ಪಡೆದವನ ಎಲೆಗೆ ಹೋಯಿತು. ತಿಮ್ಮೇಶನ ಎಲೆಗೆ ಬಾಲದ ತುಂಡು ಬಂತು. ಯಾರೂ ಬೈಯಲಿಲ್ಲ, ಯಾರೂ ಅಳಲಿಲ್ಲ, ಎಲ್ಲರೂ ಬೆರಳು ಚೀಪುತ್ತಿದ್ದರು. ಪ್ರತಿಮಾ ಸಾರಿನ ಪಾತ್ರೆ ಹಿಡಿದು ಗಂಡನ ಮುಂದೆ ಬಗ್ಗಿದಳು. ಅವಳ ಮುಖದ ಬಿಗುವೂ ಸ್ವಲ್ಪ ಇಳಿದಿತ್ತು.

“ಏನೇ ಆಗ್ಲಿ, ಮೀನು ಮಾತ್ರ ಬಲು ರುಚಿ ಇದೆ ಕಣ್ರೀ,” ಎಂದಳು. “ಇನ್ಮೇಲೆ ವರ್ಷವೆಲ್ಲಾ ಅದೇ ಅಂಗಡೀಲೇ ತನ್ನಿ.”